ಕದ ಕೀಸೋಕೆ ಮಾರ್ಚ್ ಬರಬೇಕು

ಹಳೇ ಕುರ್ಚಿ ಹೊಸದಾಗುವ ವಿಡಿಯೋಗಳನ್ನು ನಾನು ಜಾಸ್ತಿ ನೋಡುವುದು ಜುಲೈ ತಿಂಗಳಲ್ಲಿ. ಹೊರಗೆ ಕಾಲಿಡುವ ಹಾಗಿಲ್ಲ, ತೋಟದ ಕೆಲಸ ಅರ್ಧಕ್ಕರ್ಧ ನಿಂತಿರುತ್ತದೆ, ಕರೆಂಟ್ ಇದ್ದಷ್ಟು ಹೊತ್ತು ಚಾರ್ಜ್ ಮಾಡಿಕೊಂಡ ಫೋನ್ ಕೈಯಲ್ಲಿರುತ್ತದೆ. ಆ ವಿಡಿಯೋಗಳಲ್ಲಿ ಯಾವಾಗಲೂ ಬಿಸಿಲು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಉಜ್ಜುತ್ತಾರೆ, ಮಧ್ಯಾಹ್ನ ಪ್ರೈಮರ್, ಸಂಜೆ ಒಂದು ಕೋಟ್, ಭಾನುವಾರ ಇನ್ನೊಂದು. ಆಮೇಲೆ ಮೇಲೊಂದು ಹೂದಾನಿ ಇಟ್ಟು ಫೋಟೋ. ನೋಡ್ತಾ ನೋಡ್ತಾ ನನಗೂ ಕೈ ತುರಿಸುತ್ತದೆ. ನಮ್ಮ ಮನೆಯಲ್ಲಿ ಹಳೇ ಮರದ ಸಾಮಾನಿಗೇನು ಬರವೇ? ಕಪಾಟು, ಮಂಚ, ಬೆತ್ತ ಹರಿದ ಕುರ್ಚಿಗಳು, ಅಟ್ಟದಲ್ಲೊಂದು ಕಾಲು ಅಲುಗಾಡುವ ಟೀಪಾಯಿ. ಆದರೆ ತಲೆ ಎತ್ತಿದರೆ ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಒಗೆದ ಬಟ್ಟೆ ನೇತಾಡುತ್ತಿರುತ್ತದೆ, ಹೊಗೆ ವಾಸನೆ ಹೀರಿಕೊಂಡು, ಇನ್ನೂ ಒದ್ದೆಯಾಗಿ. ಬಟ್ಟೆಯೇ ಒಣಗದ ಮನೆಯಲ್ಲಿ ಪ್ರೈಮರ್ ಒಣಗುವುದು ಎಲ್ಲಿಂದ ಬಂತು?

ಮನೆ ಸಾಮಾನು ನಾವೇ ಸರಿಮಾಡಿಕೊಳ್ಳುವುದನ್ನು ಕಲಿಸುವವರು ಬ್ರಷ್ ಯಾವುದು ಅಂತ ಹೇಳುತ್ತಾರೆ, ಬಣ್ಣ ಯಾವುದು ಅಂತ ಹೇಳುತ್ತಾರೆ, ಕೈ ಹೇಗೆ ಆಡಿಸಬೇಕು ಅಂತಲೂ ತೋರಿಸುತ್ತಾರೆ. ಯಾವ ತಿಂಗಳು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಕಡೆ ಮೊದಲು ಕೇಳಬೇಕಾದ್ದೇ ಅದು. ನಮ್ಮ ಮನೆ ಇರುವುದು ಸೋಮವಾರಪೇಟೆಗೂ ಮಡಿಕೇರಿಗೂ ನಡುವೆ, ಮಾದಾಪುರದ ಆಚೆ. ಬಣ್ಣದ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಒಣಗುವ ಹೊತ್ತು ಬರೆದಿರುತ್ತಾರಲ್ಲ, ಆ ಲೆಕ್ಕ ಸುಮಾರು 27 ಡಿಗ್ರಿ ಶಾಖ ಇರುವ, ಗಾಳಿಯಲ್ಲಿ ಶೇ. 60-65ರಷ್ಟು ತೇವ ಇರುವ ಜಾಗದ್ದು. ಮಡಿಕೇರಿ ಕಡೆ ಜುಲೈನಲ್ಲಿ ಶಾಖ 20ರ ಆಸುಪಾಸು, ತೇವ ಶೇ. 90ರ ಮೇಲೆ. ಡಬ್ಬಿ ಹೇಳುವ ನಾಲ್ಕು ಗಂಟೆ ಇಲ್ಲಿ ಎಷ್ಟಾಗುತ್ತದೋ ಹೇಳಲು ಬರುವುದಿಲ್ಲ. ಕುಶಾಲನಗರದವರಿಗೆ ಈ ಪಾಡಿಲ್ಲ. ಮಡಿಕೇರಿಯಿಂದ 30 ಕಿಲೋಮೀಟರ್ ಇಳಿದರೆ ಸಾಕು, ಮಳೆ ಅರ್ಧಕ್ಕಿಂತ ಕಮ್ಮಿ. ಒಂದೇ ಜಿಲ್ಲೆಯೊಳಗೆ ಒಂದೇ ಬಣ್ಣ ಎರಡು ಥರ ಒಣಗುತ್ತದೆ.

ಸರಿ, ಮಳೆ ಬಿಟ್ಟ ಮೇಲೆ ಮಾಡೋಣ ಅನ್ನಿ. ಅಕ್ಟೋಬರಿನಲ್ಲಿ ಆಕಾಶ ತಿಳಿಯಾದರೂ ಮರ ತಿಳಿಯಾಗಿರುವುದಿಲ್ಲ. ನಾಲ್ಕು ತಿಂಗಳು ಕುಡಿದ ನೀರನ್ನು ದಪ್ಪ ಹಲಗೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನವೆಂಬರ್ ಬಂತೆಂದರೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕಣದ ತುಂಬ ಕಾಫಿ ಹರಡಿರುವಾಗ ಅಲ್ಲೊಂದು ಕುರ್ಚಿ ಇಟ್ಟು ಉಜ್ಜುತ್ತೇನೆ ಅಂದರೆ ಮನೆಯವರು ಬಿಟ್ಟಾರೆಯೇ? ಕುಯ್ಲು ಮುಗಿದು ಕೈ ಬಿಡುವಾಗುವುದು ಫೆಬ್ರವರಿ ಕೊನೆಗೆ, ಮಾರ್ಚ್‌ಗೆ. ಆಗ ಹೂಮಳೆಯ ಕಾಲ, ಕಾಫಿ ಹೂ ಅರಳಲು ಬೇಕಾದ ಮಳೆ. ಊರಿಗೆ ಊರೇ ಮೋಡ ನೋಡುತ್ತಾ ಕೂತಿರುವಾಗ ನಾನೊಬ್ಬಳು, ಪಾಲಿಶ್ ಹಸಿ ಇದೆ, ಇವತ್ತೊಂದು ದಿನ ಬೇಡಪ್ಪಾ ಅಂತ ಮನಸ್ಸಲ್ಲೇ ಅಂದುಕೊಂಡಿದ್ದಿದೆ. ನಮ್ಮ ಯಜಮಾನರಿಗೆ ಇದು ಗೊತ್ತಾಗಬಾರದು. ಏಪ್ರಿಲ್ ಕಳೆದರೆ ಹಂಚು ಕೈಯಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಚರಂಡಿ ಬಿಡಿಸಬೇಕು. ಹೀಗೆ ವರ್ಷದಲ್ಲಿ ಮರಕ್ಕೆ ಕೈ ಹಾಕಲು ನಮಗೆ ಸಿಗುವುದು ಸಣ್ಣದೊಂದು ಕಿಟಕಿ. ಮಿಕ್ಕ ತಿಂಗಳು ವಿಡಿಯೋ ನೋಡುವುದು, ಸಾಮಾನಿನ ಸುತ್ತ ಓಡಾಡುವುದು, ಯೋಚಿಸುವುದು. ಈ ಯೋಚಿಸುವ ಕೆಲಸವೇ ಅರ್ಧ ಕೆಲಸ ಅಂತ ನನಗೆ ತಿಳಿಸಿಕೊಟ್ಟವರು ನಮ್ಮ ಮರಗೆಲಸದ ಆಚಾರ್ರು.

ಕೀಸುಳಿ ಹೊರಗೆ ಬರಲೇ ಇಲ್ಲ

ನಮ್ಮ ನಡುಮನೆಯಿಂದ ಅಡುಗೆಮನೆಗೆ ಹೋಗುವ ಕದ ಮಳೆಗಾಲ ಬಂತೆಂದರೆ ಮುನಿಸಿಕೊಳ್ಳುತ್ತದೆ. ಭುಜ ಕೊಟ್ಟು ತಳ್ಳಬೇಕು, ಕೈಯಲ್ಲಿ ಸಾರಿನ ಪಾತ್ರೆ ಇದ್ದರೆ ಸೊಂಟ ಕೊಟ್ಟು. ಒಂದು ಮಳೆಗಾಲದಲ್ಲಿ ಅತ್ತೆಗೆ ಸಾಕಾಗಿ ಹೋಯಿತು. ಆಚಾರ್ರಿಗೆ ಹೇಳಿ ಕಳಿಸಿದರು. ಅವರು ಬಂದು ಕೊಡೆ ಮಡಚಿ ಜಗಲಿಯಲ್ಲಿ ಒರಗಿಸಿ, ಕಾಲು ಒರೆಸಿಕೊಂಡು ಒಳಗೆ ಬಂದರು. "ಅಂಚು ಒಂಚೂರು ಕೀಸಿಕೊಡಿ ಆಚಾರ್ರೇ, ಅಷ್ಟು ಸಾಕು" ಅಂದರು ಅತ್ತೆ. ಅವರು ಚೀಲಕ್ಕೆ ಕೈ ಹಾಕಿದರು. ಹೊರಗೆ ಬಂದದ್ದು ಕೀಸುಳಿಯಲ್ಲ, ಒಂದು ಸೀಮೆಸುಣ್ಣದ ತುಂಡು.

ಕದದ ಅಂಚಿಗೆ ಉದ್ದಕ್ಕೂ ಸೀಮೆಸುಣ್ಣ ತಿಕ್ಕಿದರು. ಕದ ಎಳೆದು ಹಾಕಿದರು, ತೆಗೆದರು. ಆಮೇಲೆ ಚೌಕಟ್ಟು ನೋಡಿ ಅಂದರು. ಬಿಳಿ ಗುರುತು ಇದ್ದದ್ದು ಮೇಲಿನ ಮೂಲೆಯಲ್ಲಿ, ಅಂಗೈ ಉದ್ದದಷ್ಟು ಮಾತ್ರ. ಕೆಳಗೆಲ್ಲ ಏನೂ ಇಲ್ಲ. ನಾವು ಇಡೀ ಕದ ಊದಿದೆ ಅಂದುಕೊಂಡಿದ್ದೆವು. ಅವರು ಕದವನ್ನು ಹಿಡಿಯಿಂದ ಮೇಲಕ್ಕೆತ್ತಿ ಬಿಟ್ಟರು. ಟಕ್ ಅಂತ ಸದ್ದಾಯಿತು. ಮೇಲಿನ ತಿರುಗಣಿಯ ಸ್ಕ್ರೂ ಸಡಿಲ. ಸ್ಕ್ರೂ ಬಿಚ್ಚಿ, ತೂತಿಗೆ ಬಿದಿರಿನ ಸಣ್ಣ ಸೀಳು ತುರುಕಿ, ಅಂಟು ಹಾಕಿ, ಮತ್ತೆ ಬಿಗಿದರು. ಕದ ತುಸು ಮೇಲೆದ್ದಿತು. ಗುರುತು ಬಿದ್ದ ಜಾಗಕ್ಕೆ ಮೇಣದ ಬತ್ತಿ ತಿಕ್ಕಿದರು. ಈಗ ಒಂದು ಕೈಯಲ್ಲಿ ತಳ್ಳಿದರೆ ಬಂತು. ಪೂರ್ತಿ ಸಲೀಸಲ್ಲ, ಕೊನೆಯಲ್ಲಿ ಸ್ವಲ್ಪ ಹಟ.

"ಅದನ್ನೂ ಕೀಸಿಬಿಡಿ" ಅಂದರು ಅತ್ತೆ.

"ಈಗ ಕೀಸಿದ್ರೆ ಈಗ ಚೆನ್ನಾಗಿರುತ್ತೆ ಅಮ್ಮಾ. ಮಾರ್ಚಲ್ಲಿ ಆ ಸಂದೀಲಿ ಬೆಕ್ಕು ಓಡಾಡುತ್ತೆ. ಆಗ ನನ್ನೇ ಬೈತೀರಿ."

ಹೋಗುವ ಮುಂಚೆ ಸ್ಟೂಲ್ ಹಾಕಿಸಿಕೊಂಡು ಹತ್ತಿದರು. ಕದದ ತಲೆಯ ಮೇಲೆ ಬೆರಳಾಡಿಸಿ ನನ್ನನ್ನು ಕರೆದರು. "ಅಕ್ಕಾ, ಇಲ್ಲಿ ಮುಟ್ಟಿ ನೋಡಿ." ನಾನು ಹತ್ತಿ ಮುಟ್ಟಿದೆ. ಒರಟು, ತಣ್ಣಗೆ. ಬಣ್ಣವೇ ಇಲ್ಲ. ಎದುರು ಹಿಂದೆ ಎರಡೂ ಕಡೆ ಕೋಟ್ ಮೇಲೆ ಕೋಟ್ ಹೊಡೆದವರು ಯಾರ ಕಣ್ಣಿಗೂ ಬೀಳದ ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಹಾಗೇ ಬಿಟ್ಟಿದ್ದಾರೆ. ಮರದ ಎಳೆ ಕತ್ತರಿಸಿದ ತುದಿ ಅದು, ನೀರು ಎಳೆದುಕೊಳ್ಳುವುದು ಅಲ್ಲಿಂದಲೇ ಜಾಸ್ತಿ. "ಬೇಸಿಗೇಲಿ ಕದ ಬಿಚ್ಚಿ ಮಲಗಿಸಿ ಇಲ್ಲಿಗೆ ಎರಡು ಕೋಟ್ ಹಾಕಿ. ಆಮೇಲೂ ಹಿಡಿದ್ರೆ ನಾನು ಬಂದು ಕೀಸ್ತೀನಿ" ಅಂದರು. ಕಾಫಿ ಕುಡಿದು ಹೊರಟರು. ದುಡ್ಡು ಕೊಡಲು ಹೋದರೆ, ಏನು ಮಾಡಿದೆ ಅಂತ ಕೊಡ್ತೀರಿ ಅಂದರು.

ಬೇಸಿಗೆಯಲ್ಲಿ ಕದ ಬಿಚ್ಚಿದ್ದು ನಾನೇ. ಅವರನ್ನು ಕೀಸಲು ಕರೆಯಬೇಕಾಗಿ ಬರಲಿಲ್ಲ.

ಹಲಗೆ ಅಲುಗಾಡಲಿ ಬಿಡಿ

ಮರ ಉದ್ದಕ್ಕೆ ಹೆಚ್ಚು ಕಮ್ಮಿ ಹಿಗ್ಗುವುದೇ ಇಲ್ಲ, ಅಗಲಕ್ಕೆ ಹಿಗ್ಗುತ್ತದೆ. ಗಾಳಿಯಲ್ಲಿ ಶೇ. 50ರಷ್ಟು ತೇವ ಇದ್ದರೆ ಮರದೊಳಗೆ ಶೇ. 9ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ ಶೇ. 90 ಆದರೆ ಒಳಗಿನದು 20ರ ಹತ್ತಿರ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಒಂದೂವರೆ ಅಡಿ ಅಗಲದ ಹಲಗೆ ಅರ್ಧ ಸೆಂಟಿಮೀಟರ್ ಹಿಗ್ಗುವುದು ದೊಡ್ಡ ವಿಷಯವೇ ಅಲ್ಲ. ಹಿಗ್ಗುವ ಮರವನ್ನು ತಡೆಯಲು ಹೋದರೆ ಅದು ಸೀಳಿಕೊಳ್ಳುತ್ತದೆ ಇಲ್ಲವೇ ಚೌಕಟ್ಟನ್ನೇ ಬಿಚ್ಚಿಹಾಕುತ್ತದೆ. ಹಳೇ ಕಾಲದವರು ಇದಕ್ಕೆ ಕಂಡುಕೊಂಡ ಉಪಾಯ ಪ್ರತಿ ಮನೆಯ ಕಪಾಟಿನ ಬಾಗಿಲಲ್ಲೂ ಇದೆ. ಸುತ್ತ ಚೌಕಟ್ಟು, ಚೌಕಟ್ಟಿನ ಒಳಮೈಯಲ್ಲಿ ಗಾಡಿ, ಅಂದರೆ ಉದ್ದಕ್ಕೂ ಸಪೂರ ತೋಡು, ಕೊರೆದು, ಅದರೊಳಗೆ ಹಲಗೆ ಸುಮ್ನೆ ಕೂರಿಸಿರುತ್ತಾರೆ. ಅಂಟಿಲ್ಲ, ಮೊಳೆಯಿಲ್ಲ. ಮಳೆಗಾಲದಲ್ಲಿ ಹಿಗ್ಗಲಿ, ಬೇಸಿಗೆಯಲ್ಲಿ ಕುಗ್ಗಲಿ, ಅದರ ಪಾಡಿಗೆ ಅದು.

ಮನೆಯಲ್ಲೇ ರಿಪೇರಿ ಮಾಡುವ ಉತ್ಸಾಹ ಬಂದವರು ಮೊದಲು ಹಾಳು ಮಾಡುವುದು ಇದನ್ನೇ. ಬೇಸಿಗೆಯಲ್ಲಿ ಹಲಗೆ ಲಟಲಟ ಅನ್ನುತ್ತದೆ, ಗಾಡಿಯಲ್ಲಿ ಸಂದಿ ಕಾಣುತ್ತದೆ. ಪಾಪ, ಸಡಿಲ ಆಗಿದೆ ಅಂತ ಫೆವಿಕಾಲ್ ಸುರಿಯುತ್ತಾರೆ, ಪುಟ್ಟಿ ಮೆತ್ತುತ್ತಾರೆ. ಮುಂದಿನ ಆಗಸ್ಟ್‌ನಲ್ಲಿ ರಾತ್ರಿ ಹೊತ್ತು ಟಪ್ ಅಂತ ಒಂದು ಸದ್ದು ಬರುತ್ತದೆ. ಹಲಗೆ ಅಲುಗಾಡುವುದು ರೋಗವಲ್ಲ, ಅದನ್ನು ಮಾಡಿದವನ ಜಾಣತನ. ಹಾಗಂತ ಕುರ್ಚಿಯ ಕಾಲು ಅಲುಗಾಡಿದರೆ ಬಿಡಬೇಕು ಅಂತಲ್ಲ. ಅಲ್ಲಿ ಅಂಟು ಬೇಕೇ ಬೇಕು. ಹಳೇ ಅಂಟು ಪೂರ್ತಿ ಕೆರೆದು ತೆಗೆಯಬೇಕು, ಅದರ ಮೇಲೆ ಹೊಸದು ಹಿಡಿಯುವುದಿಲ್ಲ. ಕ್ಲ್ಯಾಂಪ್ ಇಲ್ಲದಿದ್ದರೆ ನಾಲ್ಕೂ ಕಾಲಿಗೆ ಹಗ್ಗ ಸುತ್ತಿ, ನಡುವೆ ಕೋಲು ತುರುಕಿ ತಿರುಗಿಸಿ ಬಿಗಿ ಮಾಡಿದರೆ ಆಯಿತು. ಒಂದು ದಿನ ಹಾಗೇ ಬಿಡಿ. ಯಾರೂ ಕೂರದ ಹಾಗೆ ನೋಡಿಕೊಳ್ಳುವುದೇ ಕಷ್ಟದ ಭಾಗ.

ಈ ಹಿಗ್ಗು-ಕುಗ್ಗು ಒಂದು ಸಲ ನನಗೆ ಕಥೆಯನ್ನೂ ಹೇಳಿತು. ಅತ್ತೆಯ ಕೋಣೆಯಲ್ಲಿ ಹಲಸಿನ ಮರದ ಕಪಾಟೊಂದಿದೆ, ಹಸಿರು ಆಯಿಲ್ ಪೇಂಟ್ ಬಳಿದದ್ದು. ಮಾರ್ಚ್ ತಿಂಗಳಲ್ಲಿ ಅದರ ಬಾಗಿಲ ಹತ್ತಿರ ಕೂತು ನೋಡಿದರೆ ಪ್ರತಿ ಹಲಗೆಯ ಎರಡೂ ಪಕ್ಕಕ್ಕೆ ಉದ್ದಕ್ಕೂ ಸಪೂರ ಗೆರೆ, ನೂಲಿಗಿಂತ ಸ್ವಲ್ಪ ದಪ್ಪ. ಅಲ್ಲಿ ಹಸಿರಿಲ್ಲ, ಹಳೇ ಪಾಲಿಶ್ ಇದೆ. ಹಲಗೆ ಹಿಗ್ಗಿ ಗಾಡಿಯೊಳಗೆ ಅಡಗಿದ್ದಾಗ ಬಣ್ಣ ಹೊಡೆದಿದ್ದಾರೆ, ಒಣಗಿ ಕುಗ್ಗಿದಾಗ ಬಣ್ಣ ತಾಗದ ಅಂಚು ಹೊರಗೆ ಬಂದಿದೆ. ಅಂದರೆ ಇದನ್ನು ಬಳಿದದ್ದು ಮಳೆಗಾಲದಲ್ಲಿ. "ಅತ್ತೇ, ಇದಕ್ಕೆ ಪೇಂಟ್ ಮಾಡಿದ್ದು ಯಾವಾಗ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ದೊಡ್ಡವನ ಮದುವೆಗೆ. ಶ್ರಾವಣದಲ್ಲಿ ಅಲ್ವಾ ಮದುವೆ. ಮನೆ ತುಂಬ ನೆಂಟರು, ಬಣ್ಣ ಒಣಗದೆ ಸೀರೆಗೆಲ್ಲ ಹತ್ತಿ ಎಷ್ಟು ರಗಳೆ ಗೊತ್ತಾ" ಅಂದರು.

ಬಣ್ಣದ ಕೆಳಗೆ ಏನಿದೆ

ಆ ಹಸಿರು ತೆಗೆಯುವುದು ನನಗೆ ಬಹಳ ದಿನದ ಆಸೆ. ಹಳೇ ಆಯಿಲ್ ಪೇಂಟ್ ಅಂದರೆ ಸೀಸದ ಭಯ ಇದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಯಾರು ಕಂಡರು? ವಿಡಿಯೋದಲ್ಲಿ ತೋರಿಸುವ ಹಾಗೆ ಮಿಷನ್ ಹಿಡಿದು ಒಣ ಉಜ್ಜಿದರೆ ಆ ಧೂಳು ಮನೆ ತುಂಬ ಹರಡುತ್ತದೆ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಸ್ಕ್ರೇಪರ್‌ನಿಂದ ಎಬ್ಬಿಸಿ, ಉಳಿದದ್ದನ್ನು ನೀರು ತಾಗಿಸುವ ಸ್ಯಾಂಡ್ ಪೇಪರ್‌ನಲ್ಲಿ ಒದ್ದೆಯಾಗಿಯೇ ಉಜ್ಜಬೇಕು. ಕೈಗೆ ಗ್ಲೌಸ್, ಮೂಗಿಗೆ ಒಳ್ಳೆ ಮಾಸ್ಕ್. ಉದುರಿದ ಚಕ್ಕೆಗಳನ್ನು ಗಿಡದ ಬುಡಕ್ಕೆ ಎಸೆಯಬಾರದು, ಒಲೆಗೆ ಹಾಕಲೂಬಾರದು.

ಹಸಿರಿನ ಕೆಳಗೆ ಒಂದು ಕೆನೆ ಬಣ್ಣ ಬಂತು, ಅದರ ಕೆಳಗೆ ಪಾಲಿಶ್. ಮರ ಚೆನ್ನಾಗಿ ಒಣಗಿದ ಮೇಲೆ ಸ್ಯಾಂಡ್ ಪೇಪರ್. ಮೊದಲು ಒರಟಾದ 80 ನಂಬರಿನದು, ಆಮೇಲೆ 120, ಆಮೇಲೆ ನಯವಾದ 220. ನಡುವೆ ಒಂದನ್ನು ಹಾರಿಸಿದರೆ ಮೊದಲಿನದರ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಅಲ್ಲ. ಇದೆಲ್ಲ ಬೇಸರದ ಕೆಲಸ, ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಆದರೆ ಮೇಲಿನ ಕಂದು ಪದರ ಹೋಗುತ್ತಿದ್ದಂತೆ ಹಲಸು ತನ್ನ ಬಣ್ಣ ತೋರಿಸಿತು. ಹಳದಿ! ಹಣ್ಣಿನ ತೊಳೆಯ ಹಳದಿಯೇ. ಅಷ್ಟು ವರ್ಷದ ಮರ, ಕಾಗದದಷ್ಟು ತೆಳ್ಳಗೆ ಉಜ್ಜಿದರೆ ಒಳಗೆ ನಿನ್ನೆ ಕುಯ್ದ ಹಾಗಿದೆ. ಅಂಗಳದ ಬಿಸಿಲಿನಲ್ಲಿ ನನಗಂತೂ ನೋಡಿದಷ್ಟೂ ಸಾಲದು. ಅತ್ತೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು. "ಇದೇನು, ಹಸಿ ಮರದ ಹಾಗೆ ಮಾಡಿಟ್ಟಿದ್ದೀಯಾ. ನೆಂಟರು ನೋಡಿದ್ರೆ ಯಾವುದೋ ಅಗ್ಗದ್ದು ತಂದಿದ್ದಾರೆ ಅಂತಾರೆ." ಪೇಟೆಯ ಅಂಗಡಿಯವರು ವಾಲ್‌ನಟ್ ಬಣ್ಣದ ಸ್ಟೇನ್ ಹೊಡೆಯಿರಿ, ಒಂದೇ ದಿನದಲ್ಲಿ ಹಳೇದಾಗುತ್ತೆ ಅಂದರು. ಬೇಡ ಅಂದೆ. ಹಲಸು ಬೆಳಕಿಗೆ ತಾನೇ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ಬೇಕು, ಅಷ್ಟೇ. ಈಗ ಅದು ಜೇನಿನ ಬಣ್ಣದಲ್ಲಿದೆ. ಅತ್ತೆ ಅದರ ಮೇಲೆ ಹಾಸಿದ್ದ ಬಟ್ಟೆ ತೆಗೆದಾಗ ನಡುವೆ ಒಂದು ಹಳದಿ ಚೌಕ ಉಳಿದಿತ್ತು, ಅದಕ್ಕೂ ಬೈಸಿಕೊಂಡೆ.

ಪಾಲಿಶ್ ವಿಷಯ. ಹಳೇ ಸಾಮಾನಿನ ಮೇಲೆ ಏನಿದೆ ಅಂತ ತಿಳಿಯಲು ಸುಲಭದ ದಾರಿ ಇದೆ. ಹಿಂಭಾಗದ ಮೂಲೆಯಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಒತ್ತಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆಯ ವಾರ್ನಿಶ್ಶೋ ಈಚಿನ ಪಿಯು (ಪಾಲಿಯುರೆಥೇನ್) ಪಾಲಿಶ್ಶೋ ಇರಬೇಕು. ಅರಗಿನದು ಅಂತ ಗೊತ್ತಾದರೆ ನನಗೆ ಖುಷಿ, ಯಾಕೆಂದರೆ ಪೂರ್ತಿ ಕಿತ್ತುಹಾಕುವ ಕೆಲಸವೇ ಇಲ್ಲ. ಹೊಸ ಅರಗು ಹಳೆಯದರೊಳಗೆ ಕರಗಿ ಸೇರಿಕೊಳ್ಳುತ್ತದೆ. ಕೊಳೆ ಒರೆಸಿ, ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ನಾಲ್ಕಾರು ಸಲ ಆಡಿಸಿದರೆ ಹೊಳಪು ವಾಪಸ್. ಬಿಸಿ ಕಾಫಿ ಲೋಟದ ಬಿಳಿ ಉಂಗುರ ಬಿದ್ದಿದ್ದರೆ ಅದೂ ಬಹಳಷ್ಟು ಸಲ ಸ್ಪಿರಿಟ್ ಹಗುರವಾಗಿ ತಾಗಿಸಿದರೆ ಹೋಗುತ್ತದೆ. ಕಾಫಿ ನಾಡಿನವರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೇನಿದೆ! ಆದರೆ ಮಳೆಗಾಲದಲ್ಲಿ ಅರಗನ್ನು ಮುಟ್ಟಬೇಡಿ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ, ಗಾಳಿಯ ನೀರು ಪದರದೊಳಗೆ ಸಿಕ್ಕಿಕೊಂಡು, ಎಲ್ಲ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ.

ಅಗಸೆ ಎಣ್ಣೆ ಒಳ್ಳೇದು ಅಂತ ಬಹಳ ಜನ ಹೇಳುತ್ತಾರೆ. ಒಣ ಊರಿನವರಿಗೆ ಒಳ್ಳೇದೇ. ನಮ್ಮಲ್ಲಿ ಅದು ಬೂಷ್ಟಿಗೆ ಊಟ. ಅದರ ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆದರೆ ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲ ನೀರಲ್ಲಿ ಮುಳುಗಿಸಿ.

ಬಿಳಿ ಕಪಾಟು

ನಮ್ಮ ನಾದಿನಿ ಗಾಳಿಬೀಡು ಕಡೆ ಒಂದು ಹೋಮ್‌ಸ್ಟೇ ನಡೆಸುತ್ತಾಳೆ. ಪಾಲಾದಾಗ ಅವಳ ಭಾಗಕ್ಕೆ ಒಂದು ಬೀಟೆ ಕಪಾಟು ಬಂದಿತ್ತು. ಕಪ್ಪು-ನೇರಳೆ ಎಳೆ, ಹಿತ್ತಾಳೆ ಹಿಡಿಗಳು, ಇಬ್ಬರು ಎತ್ತಲಾಗದ ಭಾರ. ಗೆಸ್ಟ್ ರೂಮಿನಲ್ಲಿ ಅದು ಕತ್ತಲೆ ಕತ್ತಲೆಯಾಗಿ ಕಾಣುತ್ತದೆ ಅಂತ ಅವಳು ಅದಕ್ಕೆ ಬಿಳಿ ಚಾಕ್ ಪೇಂಟ್ ಬಳಿದಳು. ಅಂಚುಗಳನ್ನು ಬೇಕೆಂದೇ ಉಜ್ಜಿ ಹಳೇ ಕಾಲದ್ದರ ಹಾಗೆ ಮಾಡಿದಳು. ನಿಜಕ್ಕೂ ಹಳೇ ಕಾಲದ್ದನ್ನು ಹಳೇ ಕಾಲದ್ದರ ಹಾಗೆ ಮಾಡಿದ್ದು! ಫೋನಿನಲ್ಲಿ ಫೋಟೋ ನೋಡಿ ನನಗೆ ಹೊಟ್ಟೆ ಉರಿಯಿತು. ಬೀಟೆ ಮರ ಈಗ ಎಲ್ಲಿ ಸಿಗುತ್ತದೆ? ನಮ್ಮದೇ ತೋಟದಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಜಾಗ ಅನ್‌ರಿಡೀಮ್ಡ್ ಆದರೆ, ಅಂದರೆ ಮರದ ಹಕ್ಕನ್ನು ಸರ್ಕಾರಕ್ಕೆ ದುಡ್ಡು ಕಟ್ಟಿ ಬಿಡಿಸಿಕೊಳ್ಳದಿದ್ದರೆ, ಮರವೇ ಸರ್ಕಾರದ್ದು. ಬೀಟೆಯ ಇಡೀ ಕುಲ 2017ರಿಂದ ಸೈಟಿಸ್ (ಅಪರೂಪದ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ದೇಶ ದಾಟಿಸಲು ಕಾಗದ ಪತ್ರ ಬೇಕು. ಅಂಥ ಮರಕ್ಕೆ ಸುಣ್ಣದ ಗೋಡೆಯ ಬಣ್ಣವೇ?

ಅವಳು ಜಗಳಗಂಟಿಯಲ್ಲ, ಆದರೆ ಸುಮ್ನಿರುವವಳೂ ಅಲ್ಲ. "ಅತ್ತಿಗೆ, ನಿಮ್ಮ ಮನೇಲಿ ಅದು ಕಪ್ಪಗಿದ್ರೆ ಚೆಂದ. ನಂಗೆ ರೂಮ್ ತುಂಬಬೇಕು. ಬಂದವರೆಲ್ಲ ಅದರ ಮುಂದೆ ನಿಂತೇ ಫೋಟೋ ತೆಗೆಸ್ಕೊಳ್ತಾರೆ" ಅಂದಳು. ಅದು ಸುಳ್ಳಲ್ಲ, ನಾನು ಹೋದಾಗ ನೋಡಿದೆ. ಬೆಂಗಳೂರಿನ ಜೋಡಿಯೊಂದು ಕಪಾಟಿನ ಮುಂದೆ ಕಾಫಿ ಕಪ್ ಹಿಡಿದು ಅರ್ಧ ಗಂಟೆ ನಿಂತಿತ್ತು. ನನ್ನ ಹತ್ತಿರ ಅವಳಿಗೆ ಕೊಡಲು ಸರಿಯಾದ ಉತ್ತರ ಇರಲಿಲ್ಲ. ಕಪಾಟು ಅವಳದ್ದು, ಹೊಟ್ಟೆಪಾಡೂ ಅವಳದ್ದು. ಬಣ್ಣ ಬೇಕೇ ಬೇಕು ಅಂದರೆ ಸಿಲ್ವರ್ ಓಕ್‌ನದ್ದಕ್ಕೆ ಬಳಿ, ಪ್ಲೈವುಡ್‌ಗೆ ಬಳಿ, ಯಾರು ಬೇಡ ಅಂತಾರೆ ಅಂತ ಮಾತ್ರ ಹೇಳಿದೆ.

ಆಮೇಲೆ ಆಗಸ್ಟ್ ಬಂತು. ಬೀಟೆಯ ಮೈಯಲ್ಲಿ ಎಣ್ಣೆ, ಬಣ್ಣ ಎರಡೂ ಇರುತ್ತದೆ. ತೇವಕ್ಕೆ ಅದು ಮೆಲ್ಲಗೆ ಮೇಲೆ ಬರುತ್ತದೆ. ಬಿಳಿಯ ಮೇಲೆ ಮೊದಲು ಎಳೆ ಎಳೆಯಾಗಿ ಗುಲಾಬಿ, ಆಮೇಲೆ ಕಂದು. ಎರಡನೇ ಕೋಟ್ ಹೊಡೆದಳು, ಮತ್ತೆ ಬಂತು. ಮೂರನೆಯದಕ್ಕೂ ಬಂತು. ಇದನ್ನು ತಡೆಯುವ ಪದರ ಯಾವುದು ಗೊತ್ತಾ? ಅರಗು. ಬಿಳಿ ಬಳಿಯುವ ಮೊದಲು ಅವಳು ಪೂರ್ತಿ ಉಜ್ಜಿ ತೆಗೆದಿದ್ದ ಆ ಹಳೇ ಪಾಲಿಶ್. ಇದನ್ನು ನಾನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಗೆಸ್ಟ್‌ಗಳು ಕೇಳಿದರೆ ಇದು ವಿಂಟೇಜ್ ಫಿನಿಶ್ ಅಂತಾಳಂತೆ.

ಅವಳಿಗೆ ಆಗ ಮೈಯೆಲ್ಲ ತುರಿಕೆಯೂ ಆಗಿತ್ತು. ಬೀಟೆಯ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ ಅನ್ನುವ ಒಂದು ಮಾತು ಆ ವಿಡಿಯೋಗಳಲ್ಲಿ ಇರಬಾರದಿತ್ತೇ?

ಬಲ್ಬು, ಬೂಷ್ಟು, ಪ್ಲೈವುಡ್ಡು

ಹೊಸ ಸಾಮಾನು ಮಾಡಿಸುವವರಿಗೂ ಇಲ್ಲಿಯ ಹವೆ ಪಾಠ ಹೇಳುತ್ತದೆ. ಪ್ಲೈವುಡ್‌ನಲ್ಲಿ ಎಂ.ಆರ್. (ಮಾಯಿಶ್ಚರ್ ರೆಸಿಸ್ಟೆಂಟ್) ಅಂತ ಮುದ್ರೆ ಇದ್ದರೆ ಅದು ಒಣ ಕೋಣೆಗೆ. ನಮ್ಮ ಅಡುಗೆಮನೆ, ಬಚ್ಚಲಿನ ಪಕ್ಕಕ್ಕೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡನ್ನೇ ಕೇಳಿ. ದುಬಾರಿ, ನಿಜ. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಕೆಲವು ಬಡಾವಣೆಗಳಿಗೆ ಕಾವೇರಿ ನುಗ್ಗಿತಲ್ಲ, ಆಗ ನೆಂಟರೊಬ್ಬರ ಮನೆ ತೊಳೆಯಲು ಹೋಗಿದ್ದೆವು. ಬೋರ್ಡಿನ ವಾರ್ಡ್‌ರೋಬ್ ನೆನೆದ ಅವಲಕ್ಕಿಯ ಹಾಗೆ ಕೈಯಲ್ಲೇ ಬಂತು. ಪಕ್ಕದಲ್ಲಿದ್ದ ಹೆಬ್ಬಲಸಿನ ಊಟದ ಮೇಜು ಕೆಸರು ಮೆತ್ತಿಕೊಂಡು ನಿಂತಿತ್ತು. ಅದನ್ನು ತೊಳೆದು, ಬಿಸಿಲಿಗಿಡದೆ, ಗಾಳಿಯಾಡುವ ನೆರಳಲ್ಲಿ ವಾರಗಟ್ಟಲೆ ಬಿಟ್ಟರು. ಬಿಸಿಲಿಗಿಟ್ಟಿದ್ದರೆ ಮೇಲ್ಮೈ ಒಣಗಿ, ಒಳಗೆ ಹಸಿ ಉಳಿದು ಸೀಳಿಬಿಡುತ್ತಿತ್ತು. ಎರಡು ಕಡೆ ಜೋಡಣೆ ಬಿಟ್ಟಿತ್ತು, ಅಂಟು ಹಾಕಿದರು. ಇವತ್ತಿಗೂ ಊಟ ಅದರ ಮೇಲೆಯೇ.

ಬೂಷ್ಟಿಗೆ ನಮ್ಮ ಹಿರಿಯರು ಕಂಡುಕೊಂಡ ಮದ್ದು ಕಪಾಟಿನೊಳಗೊಂದು 40 ವಾಟ್‌ನ ಬಲ್ಬು. ಬಟ್ಟೆಗೆ ತಾಗದ ಹಾಗೆ, ತಂತಿಯ ಗೂಡಿನೊಳಗೆ. ಅದರ ಬಿಸಿಗೆ ಒಳಗಿನ ಗಾಳಿ ಒಣಗುತ್ತದೆ. ಈಗ ಅಂಗಡಿಯಲ್ಲಿ ಹಳೇ ತಂತಿ ಬಲ್ಬು ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಎಲ್ಇಡಿ ಕೊಟ್ಟು ಇದು ಬಿಸಿಯಾಗೋದೇ ಇಲ್ಲ ಮೇಡಂ ಅಂತ ಹೊಗಳುತ್ತಾರೆ. ನಮಗೆ ಬೇಕಾದ್ದೇ ಬಿಸಿ! ಬಲ್ಬು ಸಿಗದಿದ್ದರೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಡಿ, ಕಾಲಿನ ಕೆಳಗೆ ಸಣ್ಣ ಹಂಚಿನ ತುಂಡು ಕೊಡಿ. ಖರ್ಚಿಲ್ಲದ ರಿಪೇರಿ. ಇದರ ವಿಡಿಯೋ ಯಾರೂ ಮಾಡುವುದಿಲ್ಲ, ಮೊದಲು ಹೇಗಿತ್ತೋ ಆಮೇಲೂ ಹಾಗೇ ಕಾಣುತ್ತದಲ್ಲ.

ಮೊನ್ನೆ ನಾದಿನಿಯ ಫೋನ್ ಬಂತು. ಗುಲಾಬಿ ಕಲೆ ಈಗ ಡ್ರಾಯರ್‌ಗೂ ಇಳಿದಿದೆಯಂತೆ. ಬಿಳಿ ಕಿತ್ತು ಮತ್ತೆ ಬೀಟೆಯನ್ನೇ ಕಾಣಿಸೋಣ, ನೀವೇ ಬನ್ನಿ ಅತ್ತಿಗೆ ಅಂದಳು. ಒಪ್ಪಿಕೊಂಡೆ. ಅವಳ ರೊಬಸ್ಟಾ ಕುಯ್ಲು ಮುಗಿದಿರಬೇಕು, ಕಪಾಟನ್ನು ರೂಮಿನಿಂದ ಜಗಲಿಗೆ ತರಲು ನಾಲ್ಕು ಜನ ಬೇಕು, ಪೇಂಟ್ ಬಿಡಿಸಿದ ಮೇಲೆ ಹದಿನೈದು ದಿನ ಸುಮ್ನೆ ಒಣಗಲು ಬಿಡಬೇಕು, ಆಮೇಲಷ್ಟೇ ಪಾಲಿಶ್ ಅಂತ ಹೇಳಿದ್ದೇನೆ. ಅಲ್ಲಿಗೆ ಮಾರ್ಚ್ ಪೂರ್ತಿ ಆ ರೂಮ್ ಬುಕಿಂಗ್ ತಗೊಳ್ಳುವ ಹಾಗಿಲ್ಲ. ಅದೊಂದಕ್ಕೆ ಅವಳು ಇನ್ನೂ ಹೂಂ ಅಂದಿಲ್ಲ. ಯುಗಾದಿ ರಜಕ್ಕೆ ಆಗಲೇ ಯಾರೋ ಅಡ್ವಾನ್ಸ್ ಕೊಟ್ಟಿದ್ದಾರಂತೆ, ಆ ಬಿಳಿ ಕಪಾಟಿರುವ ರೂಮೇ ಬೇಕು ಅಂತ.